ನನ್ನ ಕಸರತ್ತು, ಬೆಳ್ಳಿಯ ಸೀರೆ

ಮೂರೇ ತಿಂಗಳು! ಮೂರು ತಿಂಗಳು ಕಳೆದ ಮೇಲೆ ನನ್ನನ್ನು ಕಂಡವರು, ‘ಇವನೇನಾ ಆ ದುರ್ಗಪ್ಪ ನಾಯ್ಕ?’ ಎಂದು ಮೂಗಿನ ಮೇಲೆ ಬೆರಳಿಡಬೇಕು! ೧೯೮೩ನೇ ಇಸವಿಯ ಅಕ್ಟೋಬರ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಕುಮಟೆಯ ನನ್ನ ಬಾಡಿಗೆ ಕೋಣೆಯ ಕನ್ನಡಿಯೆದುರು ನಿಂತು ಹೀಗೆಂದು ಘೋಷಿಸಿದೆ. ಗೋಡೆಯ ಮೇಲಿದ್ದ ಹಲ್ಲಿ ಲೊಚಗುಟ್ಟಿತು. ಆ ಕೋಣೆಯಲ್ಲಿ ನನ್ನ ಮಾತಿಗೆ ಉತ್ತರ ಕೊಡುವ ಬೇರೆ ಜೀವ ಇಲ್ಲದ್ದರಿಂದ ಅದನ್ನೇ ಶುಭಶಕುನವೆಂದು ಸ್ವೀಕರಿಸಿದೆ.

ನಾನು ಸರ್ವೆ ಕಚೇರಿಯಲ್ಲಿ ನಕಾಶೆ ಬರೆಯುವವ. ತಾಲ್ಲೂಕಿನ ಪ್ರತಿಯೊಂದು ಗದ್ದೆಯ ಅಂಚು, ಪ್ರತಿಯೊಂದು ಹಳ್ಳದ ಸೊಟ್ಟ ನನಗೆ ಕುಳಿತಲ್ಲೇ ಗೊತ್ತು. ಕುಳಿತಲ್ಲೇ! ತೊಂದರೆಯೂ ಅಲ್ಲೇ. ನಲವತ್ತೈದು ತುಂಬುವ ಹೊತ್ತಿಗೆ ನನ್ನ ಹೊಟ್ಟೆ ತನ್ನ ಗಡಿಕಲ್ಲುಗಳನ್ನೆಲ್ಲ ದಾಟಿ ಅಕ್ಕಪಕ್ಕದ ಜಾಗ ಒತ್ತುವರಿ ಮಾಡಿಯಾಗಿತ್ತು. ಬದುಕಿನಲ್ಲಿ ಊಟವಿತ್ತು, ಓಟವಿರಲಿಲ್ಲ. ಆ ಊಟವೂ ಖಾನಾವಳಿಯ ಮೂಲೆಯ ಬೆಂಚಿನ ಮೇಲೆ, ಗೋಡೆಗೆ ಮುಖ ಮಾಡಿ.

ಯಾಕೆಂದರೆ ಹೆಂಡತಿ ಮಹಾಲಕ್ಷ್ಮೀ ಇದ್ದದ್ದು ಭಟ್ಕಳದಲ್ಲಿ. ಅಲ್ಲಿಯ ಶಾಲೆಯೊಂದರಲ್ಲಿ ಪಾಠ ಹೇಳುವ ಅಕ್ಕೋರು. ಆರು ವರ್ಷದಿಂದ ಅವಳು ಅಲ್ಲಿ, ನಾನು ಇಲ್ಲಿ. ಇಬ್ಬರನ್ನೂ ಒಂದೇ ಊರಿಗೆ ಹಾಕಿ ಎಂದು ಬರೆದ ಅರ್ಜಿಗಳು ಧಾರವಾಡ, ಕಾರವಾರ, ಬೆಂಗಳೂರು ಎಂದು ನಮಗಿಂತ ಹೆಚ್ಚು ಊರು ತಿರುಗಿದ್ದವು. ಮಕ್ಕಳಿಲ್ಲ. ಆ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ. ತಿಂಗಳ ಎರಡನೇ ಶನಿವಾರ ನಾನು ಬಸ್ಸು ಹತ್ತಿ ಭಟ್ಕಳಕ್ಕೆ ಹೋಗುವುದು, ಭಾನುವಾರ ಸಂಜೆ ಹಿಂದಿರುಗುವುದು. ಇದು ನಮ್ಮ ಸಂಸಾರ.

ನನ್ನ ಘೋಷಣೆಯ ಹಿಂದಿನ ದಿನ, ಭಾನುವಾರ, ಭಟ್ಕಳದ ಬಸ್ ಸ್ಟ್ಯಾಂಡಿನಲ್ಲಿ ಅವಳು ನನ್ನ ಕೈಗೆ ಚೀಲ ಕೊಟ್ಟು ಮೆಲ್ಲಗೆ ಹೇಳಿದಳು:

“ಹೋಯ್, ಪ್ರತಿ ತಿಂಗ್ಳು ಹೀಗೆ ಬರೂದು ಬ್ಯಾಡ.”

“ಎಂತಕ್ಕೆ?”

“ಬಸ್ಸಿಳ್ದು ಮನೆ ಮೆಟ್ಟಿಲು ಹತ್ತೂವಷ್ಟ್ರಲ್ಲಿ ನಿಮ್ಗೆ ಏದುಸ್ರು. ಬಂದು ಮಲ್ಗೂದು, ಎದ್ದು ಹೋಗೂದು. ಇಷ್ಟಕ್ಕೆ ಎಂತಕ್ಕೆ ಒದ್ದಾಟ? ನಾ ಕಾಗ್ದ ಬರಿತೆ.”

ಬಸ್ಸು ಹೊರಟಿತು. ಕಿಟಕಿಯಿಂದ ಕೈಬೀಸಿದೆ. ಅವಳು ಆಗಲೇ ತಿರುಗಿ ನಡೆದಿದ್ದಳು. ಬೀಸಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ತಲೆ ಕೆರೆದುಕೊಂಡೆ. ಮಂಕಿ ದಾಟುವವರೆಗೆ ಅವಳ ಮೇಲೆ ಸಿಟ್ಟು ಬಂತು, ಹೊನ್ನಾವರ ಸೇತುವೆಯ ಮೇಲೆ ಅಳು ಬಂತು, ಕರ್ಕಿಯಲ್ಲಿ ಹೊಟ್ಟೆಯನ್ನು ನೋಡಿಕೊಂಡೆ. ಕುಮಟೆ ತಲುಪುವ ಹೊತ್ತಿಗೆ ತೀರ್ಮಾನವಾಗಿತ್ತು. ಓಡುತ್ತೇನೆ! ಈಜುತ್ತೇನೆ! ಮತ್ತೆ ಅವಳ ಬಾಗಿಲಿಗೆ ಹೋಗುವುದಾದರೆ ಕುಮಟೆಯಿಂದ ಸೈಕಲ್ ತುಳಿದುಕೊಂಡೇ, ಒಂದು ಏದುಸಿರೂ ಬಿಡದೆ!

ಮರುದಿನ ಬೆಳಕು ಹರಿಯುವಾಗಲೇ ಸಮುದ್ರದಂಡೆಗೆ ಹೋಗಿ, ಪಂಚೆ ಎತ್ತಿ ಕಟ್ಟಿ ಓಡಲಾರಂಭಿಸಿದೆ. ಇಪ್ಪತ್ತು ಹೆಜ್ಜೆ ಹೋಗಿಲ್ಲ, ಬಲೆ ಬಿಡಿಸುತ್ತಿದ್ದ ಶನಿಯಾರ ಎದ್ದು ನಿಂತ. ನಮ್ಮ ಕಚೇರಿಯ ಹಿಂದಿನ ಕೇರಿಯವ, ಮೀನುಗಾರ, ಮುಖಪರಿಚಯ ಇತ್ತು.

“ಎಂತ ಆತು ನಾಯ್ಕರೆ?”

ಓಡುತ್ತ ಮಾತಾಡುವ ಅಭ್ಯಾಸ ನನಗಿಲ್ಲ. ಕೈಯನ್ನು ಮುಂದಕ್ಕೆ ಬೀಸಿದೆ. ಅಷ್ಟೇ ಸಾಕಾಯಿತು!

“ಅಯ್ಯೋ! ಯಾರ ದೋಣಿ ಮಗಚ್ತು?” ಎಂದು ಕೂಗುತ್ತ ಶನಿಯಾರ ನನ್ನ ಬೆನ್ನಿಗೆ ಬಿದ್ದ. ಅವನನ್ನು ಕಂಡು ಇನ್ನಿಬ್ಬರು. ಅವರನ್ನು ಕಂಡು ಬುಟ್ಟಿ ಇಳಿಸಿ ನಾಲ್ವರು ಹೆಂಗಸರು. ತಿರುಗಿ ನೋಡುತ್ತೇನೆ, ಇಡೀ ದಂಡೆಯೇ ನನ್ನ ಹಿಂದೆ ಓಡಿಬರುತ್ತಿದೆ! ದಂಡಯಾತ್ರೆ ಹೊರಟ ಮಹಾರಾಜನಿಗೂ ಅಷ್ಟು ಶ್ರದ್ಧೆಯ ಪರಿವಾರ ಇದ್ದಿರಲಾರದು. ಹೆದರಿಕೆಯಿಂದ ನಾನು ಇನ್ನೂ ಜೋರಾಗಿ ಓಡಿದೆ. ಕೊನೆಗೆ ಮರಳಿನ ಮೇಲೆ ಕುಸಿದಾಗ ಎಲ್ಲರೂ ಸುತ್ತುವರಿದು ಸಮುದ್ರದತ್ತ ನೋಡಿದರು.

“ದೋಣಿ ಎಲ್ಲಿತ್ತು?” ಎಂದಳು ಶನಿಯಾರನ ಹೆಂಡತಿ ಬೆಳ್ಳಿ.

“ದೋಣಿ ಇಲ್ಲ. ಸುಮ್ಮನೆ ಓಡಿದೆ.”

“ಸುಮ್ನೆ? ಯಾರೂ ಅಟ್ಟಿಸ್ಕಂಡು ಬರ್ಲಿಲ್ಲ?”

“ಇಲ್ಲ.”

“ಯಾರ್ನೂ ಹಿಡೂಕೂ ಇಲ್ಲ?”

“ಇಲ್ಲ.”

ಬೆಳ್ಳಿ ನನ್ನನ್ನು ಬಹಳ ಹೊತ್ತು ನೋಡಿದಳು. “ಮನೇಲಿ ಯಾರೂ ಇಲ್ವನ ನಿಮ್ಗೆ?” ಎಂದಳು.

ನಗಲು ಹೋದೆ. ಕೆಮ್ಮು ಬಂತು.

ಆದರೂ ಬಿಡಲಿಲ್ಲ. ಹದಿನೈದು ದಿನದಲ್ಲಿ ದಂಡೆಯವರಿಗೆ ಅಭ್ಯಾಸವಾಯಿತು. “ನಾಯ್ಕರು ಹೋದ್ರು, ಆರೂವರೆ ಆತು,” ಎನ್ನುವಷ್ಟು ನಾನು ಗಡಿಯಾರವಾದೆ. ಹಳೆಯ ಸೈಕಲ್ಲೊಂದನ್ನು ಸಂಪಾದಿಸಿ ಸಂಜೆ ಧಾರೇಶ್ವರದವರೆಗೆ ಹೋಗಿಬರತೊಡಗಿದೆ. ಮೊದಲ ವಾರ ನಾನು ಸೈಕಲ್ಲಿನ ಮೇಲೆ ಇದ್ದದ್ದಕ್ಕಿಂತ ಸೈಕಲ್ಲು ನನ್ನ ಮೇಲೆ ಇದ್ದದ್ದೇ ಹೆಚ್ಚು. ಈಜಿನ ಗೋಜಿಗೆ ಇಳಿದದ್ದು ಡಿಸೆಂಬರಿನಲ್ಲಿ. ಗುರು ಶನಿಯಾರ. ಅವನು ಸೊಂಟಮಟ್ಟದ ನೀರಿನಲ್ಲಿ ನಿಂತು ನನ್ನ ಹೊಟ್ಟೆಯ ಕೆಳಗೆ ಕೈ ಕೊಟ್ಟು, “ಕಾಲು ಬಡೀರಿ, ನಾಯ್ಕರೆ! ನೀರು ನಿಮ್ಮನ್ನ ಬಿಟ್ಟು ಎಲ್ಲಿಗೂ ಹೋತಿಲ್ಲೆ, ಹೆದ್ರಬ್ಯಾಡಿ!” ಎನ್ನುತ್ತಿದ್ದ. ನಿಜ ಹೇಳುತ್ತೇನೆ, ದಿನವಿಡೀ ಯಾರೂ ನನ್ನ ಹೆಸರು ಹಿಡಿದು ಕರೆಯದ ಆ ದಿನಗಳಲ್ಲಿ, ಉಪ್ಪುನೀರು ಕುಡಿಯುತ್ತ ಬೈಸಿಕೊಳ್ಳುವುದೂ ಹಿತವಾಗಿತ್ತು.

ಜನವರಿಯ ಮೊದಲ ವಾರಕ್ಕೆ ನಾಲ್ಕು ಮಾರು ದೂರ ತೇಲಿಕೊಂಡು ಹೋಗುವುದು ಬಂತು. ಅಹಂಕಾರವೂ ಬಂತು. ಒಂದು ಸೋಮವಾರ ಬೆಳಿಗ್ಗೆ, “ಕೈ ಬಿಡು ಶನಿಯಾರ, ನಾನಿನ್ನು ಸ್ವತಂತ್ರ!” ಎಂದು ಒಂದು ದೊಡ್ಡ ತೆರೆಗೆ ಎದೆ ಕೊಟ್ಟೆ. ತೆರೆ ನನ್ನನ್ನು ದಂಡೆಗೆ ಎಸೆಯಿತು. ಪಂಚೆಯನ್ನು ಅರಬ್ಬೀ ಸಮುದ್ರ ಇಟ್ಟುಕೊಂಡಿತು!

ಮೈಮೇಲೆ ಉಳಿದದ್ದು ಕೌಪೀನ. ಋಷಿಮುನಿಗಳಿಗೆ ಅದು ಸಾಕು, ಸರ್ಕಾರಿ ನೌಕರನಿಗೆ ಸಾಲದು. ಕೋಣೆಗೆ ಹೋಗಬೇಕಾದರೆ ಮೀನುಪೇಟೆ ದಾಟಬೇಕು. ನಾನು ದೋಣಿಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನಡುಗುತ್ತಿದ್ದರೆ, ಶನಿಯಾರ ನಕ್ಕು ನಕ್ಕು ಮರಳಿನ ಮೇಲೆ ಉರುಳಿದ. ಬೆಳ್ಳಿ ಮಾತ್ರ ಮುಖ ಆಚೆ ತಿರುಗಿಸಿಕೊಂಡು ಒಂದು ಹಳೆಯ ಕೆಂಪು ಸೀರೆಯನ್ನು ನನ್ನತ್ತ ಎಸೆದಳು.

“ಸುತ್ಕಳಿ. ನಾಳೆ ತಂದು ಕೊಟ್ರೆ ಆತು.”

ಸೊಂಟಕ್ಕೆ ಸುತ್ತಿದೆ. ಇನ್ನೂ ಬೇಕಾದಷ್ಟು ಉಳಿಯಿತು. ಚಳಿಗೆ ಹೆಗಲಿಗೆ ಸುತ್ತಿದೆ. ಪರಿಚಯದವರು ಕಂಡಾರೆಂಬ ಹೆದರಿಕೆಗೆ ತಲೆಯ ಮೇಲೂ ಎಳೆದುಕೊಂಡು, ಮೀಸೆ ಮುಚ್ಚಿ, ತಲೆ ತಗ್ಗಿಸಿ, ಬೇಲಿ ಸಂದುಗಳಲ್ಲಿ ನುಸುಳುತ್ತ ಮನೆ ಸೇರಿದೆ. ಯಾರೂ ಗುರುತು ಹಿಡಿಯಲಿಲ್ಲ! ಬಾಗಿಲು ಹಾಕಿಕೊಂಡು ನನ್ನ ಚಾತುರ್ಯಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ನನ್ನ ಮನೆಯೊಡತಿ ಸಣ್ಣಮ್ಮ. ಎಪ್ಪತ್ತರ ಹತ್ತಿರದ ವಿಧವೆ, ಒಂದು ಕಣ್ಣಿಗೆ ಪೊರೆ. ನನ್ನ ಕೋಣೆಯ ಬಾಗಿಲಿಗೆ ಎದುರಾಗಿಯೇ ಅವರ ಜಗಲಿ. ಸಂಜೆ ನಾನು ಬಂದ ಕೂಡಲೇ “ಬಂದ್ಯನ ತಮಾ?” ಎಂದು ಕೇಳಿ ಒಂದು ಲೋಟ ಚಾ ಕೊಡುವುದು ಅವರ ಪದ್ಧತಿ. ನನ್ನ ದಿನದಲ್ಲಿ ಕಚೇರಿಗೆ ಸಂಬಂಧಪಡದ ಮಾತೆಂದರೆ ಬಹುತೇಕ ಅದೊಂದೇ. ಅಂದು ಸಂಜೆ ಸಣ್ಣಮ್ಮ ಮಾತೂ ಆಡಲಿಲ್ಲ, ಚಾ ಕೂಡ ಕೊಡಲಿಲ್ಲ. ನನ್ನನ್ನು ಕಂಡು ಒಳಗೆದ್ದು ಹೋದರು. ನನ್ನ ದೇಹ ಗಟ್ಟಿಯಾದದ್ದನ್ನು ಕಂಡು ಸಂಕೋಚಪಟ್ಟಿರಬೇಕೆಂದು ನಾನು ಭಾವಿಸಿದೆ. ಹೌದು, ಹಾಗೆಯೇ ಭಾವಿಸಿದೆ! ಸೀರೆಯನ್ನು ಒಗೆದು ಅಂಗಳದ ಹಗ್ಗಕ್ಕೆ ಹರವಿದೆ. ಮರುದಿನ ಅದನ್ನು ನೀಟಾಗಿ ಮಡಚಿ, ಪೇಪರಿನಲ್ಲಿ ಸುತ್ತಿ, ಪದ ಗುನುಗುತ್ತ ದಂಡೆಗೆ ಒಯ್ದು ಕೊಟ್ಟುಬಂದೆ. ಜಗಲಿಯಿಂದ ಒಂದೂವರೆ ಕಣ್ಣು ಎಲ್ಲವನ್ನೂ ನೋಡುತ್ತಿತ್ತು.

ಆ ವಾರ ಚಾ ಇಲ್ಲದೆ ಕಳೆಯಿತು. ಇರಲಿ, ಶನಿವಾರ ಬಂತಲ್ಲ! ಜನವರಿಯ ಎರಡನೇ ಶನಿವಾರ. ಮೂರು ತಿಂಗಳಿಂದ ನಾನು ಮಹಾಲಕ್ಷ್ಮಿಯ ಮುಖ ಕಂಡಿರಲಿಲ್ಲ. ಅವಳ ಕಾಗದಗಳೂ ನಾಲ್ಕು ಸಾಲಿನವು: ಕ್ಷೇಮ, ಮಳೆ ಬಂತು, ಪರೀಕ್ಷೆ ಆಯಿತು, ಔಷಧ ತೆಗೆದುಕೊಳ್ಳಿ. ಬರುತ್ತೇನೆಂದು ತಿಳಿಸದೆ, ಬೆಳಿಗ್ಗೆ ಐದೂವರೆಗೆ ಸೈಕಲ್ ಹತ್ತಿದೆ.

ಕುಮಟೆಯಿಂದ ಭಟ್ಕಳಕ್ಕೆ ಅರವತ್ತು ಕಿಲೋಮೀಟರು. ನನ್ನ ಮೇಜಿನ ಮೇಲಿನ ಜಿಲ್ಲಾ ನಕಾಶೆಯಲ್ಲಿ ಅದು ಒಂದು ಗೇಣೂ ಇಲ್ಲ. ಆ ನಕಾಶೆಯಲ್ಲಿ ಏರುಗಳೂ ಇಲ್ಲ, ಗುಂಡಿಗಳೂ ಇಲ್ಲ, ಎದುರುಗಾಳಿಯಂತೂ ಇಲ್ಲವೇ ಇಲ್ಲ! ಹಳದೀಪುರದವರೆಗೆ ವೀರನಂತೆ ಹೋದೆ. ಕರ್ಕಿಯಲ್ಲಿ ಚೈನು ನನ್ನ ಪ್ಯಾಂಟಿನ ಬಲಗಾಲನ್ನು ಮೊಳಕಾಲಿನವರೆಗೆ ಅಗಿದು ನುಂಗಿತು. ಹೊನ್ನಾವರದ ಸೇತುವೆಯ ಮೇಲೆ ಗಾಳಿ ಎಷ್ಟಿತ್ತೆಂದರೆ, ನಾನು ತುಳಿಯುತ್ತಿದ್ದೆ, ಸೈಕಲ್ಲು ನಿಂತೇ ಇತ್ತು. ಅಲ್ಲಿಂದ ಮುಂದೆ ಅರ್ಧ ದಾರಿ ಸೈಕಲ್ಲನ್ನು ನಾನೇ ನಡೆಸಿಕೊಂಡು ಹೋದೆ. ದಾರಿಯುದ್ದಕ್ಕೂ ಒಂದೇ ಪ್ರಶ್ನೆ.

“ಎಲ್ಲಿಗೆ ಹೊರಟ್ರಿ?”

“ಭಟ್ಕಳಕ್ಕೆ.”

“ಬಸ್ಸಿತ್ತಲ್ಲ ಮಾರಾಯ್ರೆ!”

ಮಂಕಿಯ ತೆಂಗಿನ ತೋಟದ ನೆರಳಿನಲ್ಲಿ ಎರಡು ತಾಸು ಅಂಗಾತ ಬಿದ್ದುಕೊಂಡೆ. ಮಹಾಲಕ್ಷ್ಮಿಗೆ ಏನು ಹೇಳಬೇಕೆಂದು ಯೋಚಿಸಿದೆ. ‘ನೋಡು, ನಾನಿನ್ನೂ ಮುದುಕನಾಗಿಲ್ಲ’ ಎಂದರೆ ಆದೀತೇ? ‘ನನ್ನನ್ನು ಬರಬೇಡ ಅನ್ನಬೇಡ’ ಎಂದರೆ? ಎರಡನ್ನೂ ಗಟ್ಟಿಯಾಗಿ ಹೇಳಿ ನೋಡಿದೆ. ತೋಟದಲ್ಲಿ ಮೇಯುತ್ತಿದ್ದ ದನವೊಂದು ತಲೆಯೆತ್ತಿ ನೋಡಿ ದೂರ ಸರಿಯಿತು.

ಭಟ್ಕಳ ಮುಟ್ಟಿದಾಗ ನಾಲ್ಕೂವರೆ. ಮೆಟ್ಟಿಲ ಬುಡದಲ್ಲಿ ನಿಂತು, ಉಸಿರನ್ನು ಹಿಡಿತಕ್ಕೆ ತಂದು, ಎದೆಯುಬ್ಬಿಸಿ, ಹತ್ತಿಯೇಬಿಟ್ಟೆ! ಏದುಸಿರಿಲ್ಲ! ಬಾಗಿಲು ತೆರೆದಿತ್ತು. ಮಹಾಲಕ್ಷ್ಮೀ ಒಳಗೆ ಕುರ್ಚಿಯಲ್ಲಿ ಕುಳಿತಿದ್ದಳು. ಹೊರಗೆ ಹೋಗುವ ಸೀರೆ ಉಟ್ಟಿದ್ದಳು, ಕಾಲಿನ ಬಳಿ ಚೀಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು: ಕರಗಿದ ಹೊಟ್ಟೆ, ಒಣಗಿದ ಕೆನ್ನೆ, ಹರಿದ ಪ್ಯಾಂಟು.

“ತೆಳ್ಳಗಾಗಿದ್ದು ಹೌದು,” ಎಂದಳು ತನ್ನಷ್ಟಕ್ಕೇ.

ನಾನು ಹಿಗ್ಗಿದೆ. “ಗೊತ್ತಾಯಿತಾ?”

“ಗೊತ್ತಾತು. ಯಾರು ಅವ್ಳು?”

“ಯಾವಳು?”

“ಕೆಂಪು ಸೀರೆಯವ್ಳು.”

ಅವಳು ಒಂದು ಕಾರ್ಡನ್ನು ಮೇಜಿನ ಮೇಲಿಟ್ಟಳು. ಕಾರ್ಡು! ಕವರಿಗೆ ಹಾಕುವಷ್ಟೂ ವ್ಯವಧಾನ ಸಣ್ಣಮ್ಮನವರಿಗೆ ಇರಲಿಲ್ಲ. ಶಾಲೆಯ ವಿಳಾಸಕ್ಕೆ ಬಂದದ್ದು. ಅಂದಮೇಲೆ ಕುಮಟೆಯ ಅಂಚೆಯವರಿಂದ ಹಿಡಿದು ಭಟ್ಕಳದ ಶಾಲೆಯ ಎಲ್ಲ ಅಕ್ಕೋರುಗಳವರೆಗೆ ಓದದವ ನಾನೊಬ್ಬನೇ! ಓದಿದೆ.

‘ಮಹಾಲಕ್ಷ್ಮಿಗೆ ಸಣ್ಣಮ್ಮನ ಆಶೀರ್ವಾದ. ಇಲ್ಲಿ ನಿನ್ನ ಗಂಡನೊಬ್ಬನ ಹೊರತು ಎಲ್ಲ ಕ್ಷೇಮ. ಅವ ತೆಳ್ಳಗಾಗುತ್ತ ಬಂದಿದ್ದಾನೆ. ಬೆಳಗಾಗುವ ಮೊದಲೇ ಎದ್ದು ಎಲ್ಲಿಗೋ ಹೋಗುತ್ತಾನೆ. ಪದ ಹೇಳುತ್ತಾನೆ. ಸೋಮವಾರ ಬೆಳಿಗ್ಗೆ ಕೆಂಪು ಸೀರೆಯವಳೊಬ್ಬಳು ಮುಸುಕು ಹಾಕಿಕೊಂಡು ಅವನ ಕೋಣೆ ಹೊಕ್ಕಳು. ಗಟ್ಟಿ ಆಳು, ಗಂಡಸಿನ ಹಾಗೆ ನಡೆಯುತ್ತಾಳೆ. ಸಂಜೆಯವರೆಗೂ ಕಾದೆ, ಹೊರಗೆ ಬರಲಿಲ್ಲ. ಬೇಗ ಬಾ.’

ನಾನು ನಕ್ಕೆ. ನಗಬಾರದಿತ್ತು. ಮಹಾಲಕ್ಷ್ಮೀ ಕಾರ್ಡನ್ನು ನನ್ನ ಕೈಯಿಂದ ಕಿತ್ತುಕೊಂಡಳು. ತಡಬಡಿಸುತ್ತ ಎಲ್ಲ ಹೇಳಿದೆ. ಓಟ, ದಂಡೆ, ಶನಿಯಾರ, ತೆರೆ, ಪಂಚೆ, ಬೆಳ್ಳಿ, ಮುಸುಕು. ಹೇಳುತ್ತ ಹೋದಂತೆ ನನಗೇ ಅದು ಸುಳ್ಳೆನಿಸತೊಡಗಿತು.

“ನೀವು? ಈಜು?” ಎಂದಳು.

“ಈಜು!”

“ಬಸ್ಸಿಳ್ದು ಮೆಟ್ಲು ಹತ್ತೂಕೆ ಆಗದವ್ರು?”

“ಕುಮಟೆಯಿಂದ ಸೈಕಲ್ ತುಳಿದು ಬಂದಿದ್ದೇನೆ! ಕೆಳಗೆ ನಿಂತಿದೆ, ನೋಡು!”

ಅವಳು ಕಿಟಕಿಯಿಂದ ಬಗ್ಗಿ ಸೈಕಲ್ಲನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿದಳು.

“ನಡೀರಿ ಹೊಳೆಗೆ. ಈಜಿ ತೋರ್ಸಿ.”

ಈಗಲೇ ಬೇಡ, ಕಾಲು ಬಿದ್ದುಹೋಗಿದೆ, ನಾಳೆ ಎನ್ನಬಹುದಿತ್ತು. ಆದರೆ ಮೂರು ತಿಂಗಳಲ್ಲಿ ಬೆಳೆದ ಗಂಡಸ್ತನ ಅಡ್ಡ ಬಂತು! ಹೊಳೆ ಸಮುದ್ರ ಸೇರುವ ಜಾಗಕ್ಕೆ ಹೋದೆವು. ಇಳಿತದ ಹೊತ್ತು, ನೀರು ಸದ್ದಿಲ್ಲದೆ ಕಡಲ ಕಡೆಗೆ ಎಳೆಯುತ್ತಿತ್ತು. ಸುತ್ತ ಯಾರೂ ಇರಲಿಲ್ಲ. ನಾನು ಅಂಗಿ ಕಳಚಿ, ಹರಿದ ಪ್ಯಾಂಟಿನಲ್ಲೇ, “ನೋಡ್ತಾ ಇರು!” ಎಂದು ಧುಮುಕಿದೆ.

ಒಂದು ಮಾರು. ಎರಡು ಮಾರು. ಮೂರನೆಯದಕ್ಕೆ, ಅರವತ್ತು ಕಿಲೋಮೀಟರು ಸವೆಸಿದ ಎರಡೂ ಕಾಲುಗಳು ಒಟ್ಟಿಗೇ ಮುಷ್ಕರ ಹೂಡಿದವು. ಮೀನಖಂಡ ಕಲ್ಲಿನಂತೆ ಬಿಗಿಯಿತು. ಎಳೆತ ನನ್ನನ್ನು ಹಿಡಿಯಿತು. ಕೂಗಲು ಬಾಯಿ ತೆರೆದರೆ ಹೊಳೆ ಒಳಗೆ ನುಗ್ಗಿತು. ತಮಾಷೆ ಮಾಡುತ್ತಿಲ್ಲ, ಆ ಕ್ಷಣ ನನಗೆ ನಿಜವಾಗಿ ಭಯವಾಯಿತು. ಸಾಯುವುದಕ್ಕಲ್ಲ. ಅವಳು ದಡದಲ್ಲಿ ಒಬ್ಬಳೇ ನಿಂತು ಇದನ್ನು ನೋಡಬೇಕಲ್ಲ, ಅದಕ್ಕೆ.

ಮತ್ತೊಮ್ಮೆ ಮೇಲೆ ಬಂದಾಗ ದಡದಲ್ಲಿ ಅವಳಿರಲಿಲ್ಲ.

ಬುಳಕ್ಕನೆ ನನ್ನ ಪಕ್ಕದಲ್ಲೇ ಒಂದು ತಲೆ ಎದ್ದಿತು. ಕೈಯೊಂದು ನನ್ನ ತಲೆಯ ಮೇಲೆ ಉಳಿದಿದ್ದ ನಾಲ್ಕು ಕೂದಲನ್ನು ಬಿಗಿಯಾಗಿ ಹಿಡಿಯಿತು. “ಕೈಕಾಲು ಬಡೀಬ್ಯಾಡಿ! ಅಂಗಾತ ಬಿದ್ಕಳಿ!” ಎಂದು ಅಕ್ಕೋರ ಗಂಟಲಲ್ಲಿ ಅಪ್ಪಣೆಯಾಯಿತು. ಎಳೆತಕ್ಕೆ ಎದುರು ಹೋಗದೆ ಅಡ್ಡಕ್ಕೆ ಅಡ್ಡಕ್ಕೆ, ಒಂದೇ ಕೈಯಲ್ಲಿ ನೀರು ಸೀಳುತ್ತ, ಸೀರೆಗೆ ಕಚ್ಚೆ ಹಾಕಿದ ನನ್ನ ಧರ್ಮಪತ್ನಿ ನನ್ನನ್ನು ಒಂದು ಮರದ ದಿಮ್ಮಿಯಂತೆ ದಡಕ್ಕೆ ತಂದು ಹಾಕಿದಳು. ಅವಳಿಗೆ ಏದುಸಿರೂ ಇರಲಿಲ್ಲ!

ನಾನು ಬೋರಲು ಬಿದ್ದು ಹೊಳೆಯನ್ನು ಹೊಳೆಗೆ ಹಿಂದಿರುಗಿಸಿದೆ. ಅವಳು ಪಕ್ಕದಲ್ಲಿ ಕುಳಿತು ಸೆರಗು ಹಿಂಡುತ್ತಿದ್ದಳು.

“ಈಗ ನಂಬಿದ್ಯಾ?” ಎಂದೆ.

“ನಂಬ್ದೆ. ಇಷ್ಟು ಕೆಟ್ಟದಾಗಿ ಈಜೂಕೆ ಯಾರೋ ಕಲ್ಸಿರ್ಲೇಬೇಕು.”

ಆಮೇಲೆ ಅವಳೇ ಮಾತಾಡಿದಳು, ಹೊಳೆಯನ್ನು ನೋಡುತ್ತ.

“ಕಾರ್ಡು ಓದಿ ಮೊದ್ಲು ಎಂತ ಅನ್ಸ್ತು ಗೊತ್ತಾ? ಹೋಗ್ಲಿ, ಅವ್ರ ಹತ್ರ ಮಾತಾಡೂಕೆ ಒಬ್ರು ಸಿಕ್ರಲ್ಲ ಅಂತ. ಆಮೇಲೆ ಅಳು ಬಂತು. ಇವತ್ತು ಬೆಳಿಗ್ಗೆ ಕುಮಟೆಗೆ ಬರೂಕೆ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಮೂರು ಬಸ್ಸು ಬಿಟ್ಟೆ. ಬಂದು ಎಂತ ಕೇಳೂದು ಅಂತ ತಿಳೀಲಿಲ್ಲ. ವಾಪಸ್ ಬಂದು ಕುಂತ್ಕಂಡೆ.”

ಹೊರಗೆ ಹೋಗುವ ಸೀರೆ ಉಟ್ಟು, ಚೀಲ ಕಾಲಡಿಯಲ್ಲಿಟ್ಟು, ಬೆಳಿಗ್ಗೆಯಿಂದ ನಾಲ್ಕೂವರೆಯವರೆಗೆ ಅವಳು ಆ ಕುರ್ಚಿಯಲ್ಲಿ ಕುಳಿತಿದ್ದಳು. ಮಂಕಿಯ ತೋಟದಲ್ಲಿ ನಾನು ದನಕ್ಕೆ ಭಾಷಣ ಮಾಡುತ್ತಿದ್ದಾಗಲೂ ಕುಳಿತಿದ್ದಳು. ನನ್ನ ಬಾಯಿಗೆ ಬಂದ ಮಾತು ಮಾತ್ರ ಬೇರೆಯೇ ಆಯಿತು.

“ನಿನಗೆ ಈಜು ಬರುತ್ತದೆಂದು ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಹೇಳಲಿಲ್ಲವಲ್ಲ!”

“ನಮ್ಮಪ್ಪ ಹೊನ್ನಾವರದಲ್ಲಿ ದೋಣಿ ದಾಟಿಸ್ತಿದ್ರು. ದೋಣಿಯವನ ಮಗ್ಳಿಗೆ ಈಜು ಬರೂದಿಲ್ವ? ಸಣ್ಣಿರೂವಾಗ ನಾ ಶರಾವತಿಲೇ ಬಿದ್ಕಂಡಿರ್ತಿದ್ದೆ.”

“ಹೇಳಬಾರದಿತ್ತೇ?”

“ಯಾವಾಗ ಹೇಳೂದು? ನೀವು ಬಂದ್ರೆ ನಿಮ್ಮ ಆಫೀಸಿನ ಸುದ್ದಿ ಶುರು. ಯಾರ ಗದ್ದೆ ಎಷ್ಟು ಗುಂಟೆ, ಸಾಹೇಬ್ರು ಎಂತ ಅಂದ್ರು, ನೀವೆಂತ ಅಂದ್ರಿ. ಅದು ಮುಗೀವಷ್ಟ್ರಲ್ಲಿ ನಿಮ್ಗೆ ನಿದ್ದೆ. ಎದ್ದಾಗ ಬಸ್ಸಿನ ಹೊತ್ತು. ಆರು ವರ್ಷದಲ್ಲಿ ನಾ ಹ್ಞೂಂ ಅಂದದ್ದು ಬಿಟ್ರೆ ಬೇರೆ ಎಂತ ಅಂದಿದ್ದೆ, ಹೇಳಿ ಕಾಂಬ?”

ನೆನಪು ಮಾಡಿಕೊಂಡೆ. ಬಹಳ ಪ್ರಯತ್ನಪಟ್ಟೆ. ಹ್ಞೂಂ ಬಿಟ್ಟು ಬೇರೆ ನೆನಪಾಗಲಿಲ್ಲ. ಹಲ್ಲಿಯ ಹತ್ತಿರ ಮಾತಾಡುವ ನಾನು ಈ ಜಿಲ್ಲೆಯಲ್ಲಿ ಮಾತಿಗೆ ಜನವಿಲ್ಲದ ಏಕೈಕ ಪ್ರಾಣಿ ಎಂದುಕೊಂಡಿದ್ದೆನಲ್ಲ! ಕ್ಷಮೆ ಕೇಳೋಣವೆಂದು ಎದ್ದು ಕುಳಿತು, ಗಂಟಲು ಸರಿಮಾಡಿಕೊಂಡು, ಬಾಯಿ ತೆರೆದೆ.

“ನೀವು ಸುಮ್ನಿರಿ,” ಎಂದಳು ಮಹಾಲಕ್ಷ್ಮೀ. “ಇವತ್ತು ನಾ ಹೇಳ್ತೆ.”

ಬಾಯಿ ಮುಚ್ಚಿದೆ. ಅವಳು ಒದ್ದೆ ಕೂದಲನ್ನು ಗಂಟು ಹಾಕಿ, ಆರಾಮಾಗಿ ಕಾಲು ನೀಡಿ ಕುಳಿತು, ಆರು ವರ್ಷಗಳ ತನ್ನ ಸುದ್ದಿಯನ್ನು ಮೊದಲಿನಿಂದ ಆರಂಭಿಸಿದಳು:

“ನಂಗೆ ಸೈಕಲ್ಲೂ ಬತ್ತದೆ.”